ಕೆಪ್ಲರನ ತಾಯಿ ಮತ್ತು ಕೋರ್ಟಿನ ಕಡತ

ಎಲ್ಲರಿಗೂ ನಮಸ್ಕಾರ.

ಮಾಟಗಾತಿಯರ ಬೇಟೆ ಅಂದ ಕೂಡಲೇ ಪಂಜು ಹಿಡಿದ ಗುಂಪು, ಮಧ್ಯಯುಗದ ಕತ್ತಲು ನೆನಪಾಗುತ್ತದೆ, ಅಲ್ವಾ? ಆದರೆ ಯುರೋಪಿನಲ್ಲಿ ಈ ಬೇಟೆ ತೀರಾ ಜೋರಾಗಿದ್ದದ್ದು ಸುಮಾರು 1560ರಿಂದ 1630ರವರೆಗೆ. ಆಗ ಅಚ್ಚಿನ ಪುಸ್ತಕಗಳಿದ್ದವು, ವಿಶ್ವವಿದ್ಯಾಲಯಗಳಿದ್ದವು. ಒಟ್ಟು 40ರಿಂದ 60 ಸಾವಿರ ಜನ ಸತ್ತರೆಂದು ಅಂದಾಜು. ಜಾಸ್ತಿ ಹೆಂಗಸರೇ. ಇವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಗುಂಪಲ್ಲ, ಕೋರ್ಟು. ಸಾಕ್ಷಿ ಕೇಳಿ, ಹೇಳಿಕೆ ಬರೆದುಕೊಂಡು, ಸಹಿ ಹಾಕಿ ಕೊಂದರು. ಕಲಿತವರು ಮಾಡಿದ ಕೆಲಸ ಇದು. ನಾನು ಇದನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಸಹಿಸಿಕೊಳ್ಳಿ.

ಕೆಪ್ಲರ್ ನಿಮಗೆಲ್ಲ ಗೊತ್ತು. ಗ್ರಹಗಳ ಚಲನೆಯ ಮೂರು ನಿಯಮಗಳನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಮೂರನೆಯ ನಿಯಮವನ್ನು ಆತ 1619ರಲ್ಲಿ ಪ್ರಕಟಿಸಿದಾಗ, ಅವನ ತಾಯಿ ಕ್ಯಾಥರೀನಾಳ ಮೇಲೆ ಮಾಟದ ಆರೋಪ ತೂಗುತ್ತಿತ್ತು.

ಆಕೆ ಜರ್ಮನಿಯ ಲಿಯೋನ್‌ಬರ್ಗ್ ಊರಿನವಳು. ಗಂಡ ಯುದ್ಧಕ್ಕೆಂದು ಹೋದವನು ಮನೆಗೆ ಬರಲೇ ಇಲ್ಲ. ಗಿಡಮೂಲಿಕೆ ಔಷಧ ಗೊತ್ತಿತ್ತು, ಬಾಯಿ ಸ್ವಲ್ಪ ಜೋರು. 1615ರಲ್ಲಿ ಅದೇ ಊರಿನ ಉರ್ಸುಲಾ ರೈನ್‌ಬೋಲ್ಡ್ ಎಂಬಾಕೆ, 'ಇವಳು ಕೊಟ್ಟದ್ದನ್ನು ಕುಡಿದೇ ನನಗೆ ಕಾಯಿಲೆ ಬಂತು' ಎಂದಳು. ಅಷ್ಟೇ ಸಾಕಾಯಿತು. ಊರಿಗೆ ಹಳೆಯದೆಲ್ಲ ನೆನಪಾಗತೊಡಗಿತು. ಮೇಷ್ಟರ ಕಾಲು ಕುಂಟಾದದ್ದು ಇವಳಿಂದ. ಇಟ್ಟಿಗೆ ಹೊರುತ್ತಿದ್ದ ಹುಡುಗಿಯ ಕೈನೋವೂ ಇವಳಿಂದ. ಒಂದೊಂದೂ ಕಡತಕ್ಕೆ ಸೇರಿತು.

1620ರ ಆಗಸ್ಟ್‌ನಲ್ಲಿ ಎಪ್ಪತ್ತು ದಾಟಿದ ಆ ಮುದುಕಿಯನ್ನು ಮಗಳ ಮನೆಯಿಂದ ಪೆಟ್ಟಿಗೆಯೊಳಗೆ ಹಾಕಿ ಹೊತ್ತೊಯ್ದರು. ಸರಪಳಿ ಹಾಕಿ ಸೆರೆಯಲ್ಲಿಟ್ಟರು. ಸುದ್ದಿ ತಿಳಿದು ಕೆಪ್ಲರ್ ಆಸ್ಟ್ರಿಯಾದ ಲಿಂಟ್ಸ್‌ನಿಂದ ಬಂದ. ಚಕ್ರವರ್ತಿಯ ಆಸ್ಥಾನದ ಗಣಿತಜ್ಞ ಆತ. ತನ್ನ ಕೆಲಸ ಬಿಟ್ಟು ಅಮ್ಮನ ಕೇಸಿಗೆ ಕೂತ. ಕೋರ್ಟಿನ ಗುಮಾಸ್ತ ಬರೆದದ್ದನ್ನು ಕೇಳಿ: ಸೆರೆಯಾಳು 'ದುರದೃಷ್ಟವಶಾತ್' ಮಗನ ನೆರವಿನೊಂದಿಗೆ ಹಾಜರಾಗಿದ್ದಾಳೆ! ಒಬ್ಬ ಮಗ ತಾಯಿಯ ಪರ ನಿಂತದ್ದು ಆ ಕೋರ್ಟಿಗೆ ದುರದೃಷ್ಟವಾಗಿ ಕಂಡಿತು. ಇದನ್ನು ಮೊದಲು ಓದಿದಾಗ ನನಗೆ ನಗು ಬಂತು, ಮರುಕ್ಷಣವೇ ಹೊಟ್ಟೆ ಉರಿಯಿತು.

ಕೆಪ್ಲರ್ ಏನು ಮಾಡಿದ? ಮಾಟವೇ ಸುಳ್ಳು ಅಂತ ವಾದಿಸಲಿಲ್ಲ. ಒಂದೊಂದು ಆರೋಪವನ್ನೂ ಎತ್ತಿಕೊಂಡ. ಈ ಕಾಯಿಲೆಗೆ ಸಹಜ ಕಾರಣ ಇದೆ, ಆ ಸಾಕ್ಷಿಯ ಮಾತಿಗೆ ತಾಳಮೇಳ ಇಲ್ಲ ಎಂದು ತೋರಿಸಿದ. ಕಡತಕ್ಕೆ ಕಡತದಿಂದಲೇ ಉತ್ತರ. ಕೊನೆಗೆ 1621ರ ಸೆಪ್ಟೆಂಬರ್‌ನಲ್ಲಿ ಆಕೆಗೆ ಚಿತ್ರಹಿಂಸೆಯ ಸಲಕರಣೆಗಳನ್ನು ತೋರಿಸಿ ಹೆದರಿಸಿದರು. ಆಕೆ ಒಪ್ಪಲಿಲ್ಲ. ಏನು ಮಾಡಿದರೂ ಒಪ್ಪಿಕೊಳ್ಳಲು ನನ್ನಲ್ಲಿ ಏನೂ ಇಲ್ಲ ಎಂದಳು. ಹದಿನಾಲ್ಕು ತಿಂಗಳ ಸೆರೆಯ ನಂತರ ಬಿಡುಗಡೆ. ಮುಂದಿನ ಏಪ್ರಿಲ್‌ನಲ್ಲಿ ತೀರಿಕೊಂಡಳು.

ಸಮಯ ಆಯಿತು ಅಂತ ಚೀಟಿ ಬಂದಿದೆ. ಜರ್ಮನಿಯದೇ ಇನ್ನೊಂದು ಊರು ಬ್ಯಾಂಬರ್ಗ್ ಬಗ್ಗೆ ಎರಡೇ ಮಾತು. 1628ರಲ್ಲಿ ಅಲ್ಲಿನ ನಗರಾಧ್ಯಕ್ಷ ಯೋಹಾನೆಸ್ ಯೂನಿಯಸ್‌ನನ್ನೇ ಹಿಡಿದರು. ಬೇರೆಯವರ ಹೆಸರು ಹೇಳು ಅಂತ ಬೀದಿ ಬೀದಿಯ ಲೆಕ್ಕದಲ್ಲಿ ಕೇಳಿದರು. ಚಿತ್ರಹಿಂಸೆಯಲ್ಲಿ ಜಜ್ಜಿದ ಕೈಯಿಂದ ಆತ ಮಗಳಿಗೆ ಗುಟ್ಟಾಗಿ ಕಾಗದ ಬರೆದ: ನಾನು ನಿರಪರಾಧಿ, ಒಪ್ಪಿಕೊಂಡದ್ದೆಲ್ಲ ಸುಳ್ಳು. ಅವನ ಪರ ವಾದಿಸಲು ಕೆಪ್ಲರನಂಥ ಮಗ ಇರಲಿಲ್ಲ. ಮೂರು ವರ್ಷದ ನಂತರ, 1631ರಲ್ಲಿ, ಪಾದ್ರಿ ಫ್ರೀಡ್ರಿಷ್ ಸ್ಪೇ ಹೆಸರು ಹಾಕದೆ ಪುಸ್ತಕ ತಂದ. ಹಿಂಸೆ ಕೊಟ್ಟರೆ ಯಾರಾದರೂ ಒಪ್ಪಿಕೊಳ್ಳುತ್ತಾರೆ ಎಂಬುದೇ ಅದರ ವಾದ. ಆ ಪುಸ್ತಕದ ಬಗ್ಗೆ ಬರೆದುಕೊಂಡು ಬಂದದ್ದು ಬಹಳ ಉಳಿದಿದೆ. ಯಾರಾದರೂ ಪ್ರಶ್ನೆ ಕೇಳಿದರೆ ಅಲ್ಲಿಂದಲೇ ಮುಂದುವರಿಸುತ್ತೇನೆ.