ನಲ್ಲಿ ನೀರು, ಬಿಯರ್ ಮತ್ತು ಎರಡು ಹನಿ ಚೊಗರು

ಎಲ್ಲರಿಗೂ ನಮಸ್ಕಾರ.

‘ಗಂಗಾ ಸ್ನಾನ, ತುಂಗಾ ಪಾನ’ ಅನ್ನುವ ಮಾತು ಶಿವಮೊಗ್ಗದಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ತುಂಗೆಯ ನೀರು ನಲ್ಲಿಗೆ ಬರುವಷ್ಟರಲ್ಲಿ ಅದಕ್ಕೆ ಕ್ಲೋರಿನ್ ಸೇರಿರುತ್ತದೆ. ಅದರ ಪ್ರಭಾವ ನನಗೆ ಗೊತ್ತಾಗಿದ್ದು ಬಿಯರ್ ಮಾಡಲು ಹೋಗಿ.

ಅಮೆರಿಕದಲ್ಲಿ ಓದುತ್ತಿದ್ದಾಗಿನ ಮಾತಿದು. ಅಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು 1978ರ ಕಾನೂನು ದಾರಿ ಮಾಡಿಕೊಟ್ಟಿತು. ನಮ್ಮಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮೊದಲ ಸಲ ಮಾಡಿದ 20 ಲೀಟರ್ ಬಿಯರು ಆಸ್ಪತ್ರೆ ವಾರ್ಡಿನ ಹಾಗೆ ವಾಸನೆ ಹೊಡೆಯಿತು. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಳೆಯದೇನೋ ಅಂದುಕೊಂಡೆ. ಈಸ್ಟ್ ಬದಲಾಯಿಸಿದೆ. ಎರಡನೇ ಸಲವೂ ಅದೇ ವಾಸನೆ. ಎಲ್ಲ ಚೆಲ್ಲಿದ ಮೇಲೆ ತಿಳಿಯಿತು, ತಪ್ಪು ನೀರಿನಲ್ಲಿತ್ತು. ಕ್ಲೋರಿನ್ ಮಾಲ್ಟಿನ ಫೀನಾಲ್‌ಗಳ ಜೊತೆ ಸೇರಿ ಕ್ಲೋರೋಫೀನಾಲ್ ಎಂಬ ಗಾಟು ವಾಸನೆಯ ವಸ್ತು ಆಗುತ್ತದೆ. ನೂರು ಕೋಟಿಗೆ ಕೆಲವೇ ಪಾಲು ಇದ್ದರೂ ಸಾಕು, ಮೂಗು ಹಿಡಿದುಬಿಡುತ್ತದೆ.

ಹಾಗಂತ ಕ್ಲೋರಿನ್ನನ್ನು ಬೈಯಬೇಡಿ. ಕಾಲರಾದಂಥ ಕಾಯಿಲೆಯನ್ನು ತಡೆಯುವುದು ಅದೇ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅನ್ನುತ್ತದೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡ. ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ನೀರು ತುಂಬಿ ಔಷಧಿ ಹಾಕಿ ನೋಡಿ. ಹಳದಿ ಗಾಢವಾದಷ್ಟೂ ಕ್ಲೋರಿನ್ ಜಾಸ್ತಿ. ಬಿಯರಿಗಾದರೆ ಕ್ಲೋರಿನ್ ಹೋಗಲಿ ಅಂತ ನೀರನ್ನು ಅಗಲವಾದ ಪಾತ್ರೆಯಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ, ಇಲ್ಲವೇ ಚೆನ್ನಾಗಿ ಕುದಿಸುತ್ತಾರೆ. ಅಮೆರಿಕದ ಎಷ್ಟೋ ಊರುಗಳಲ್ಲಿ ಕ್ಲೋರಿನ್ ಮತ್ತು ಅಮೋನಿಯಾ ಸೇರಿ ಆಗುವ ಕ್ಲೋರಮೈನ್ ಹಾಕುತ್ತಾರೆ. ಅದು ಸುಮ್ನೆ ಇಟ್ಟರೆ ಹೋಗುವುದಿಲ್ಲ. ಅದಕ್ಕೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟಿನ ಕ್ಯಾಂಪ್ಡೆನ್ ಮಾತ್ರೆ ಬೇಕು. ಸುಮಾರು 75 ಲೀಟರಿಗೆ ಒಂದು. ಪುಡಿ ಮಾಡಿ ಕಲಕಿದರೆ ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಫಿಲ್ಟರ್ ಮಾರುವವರು ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಎಂದು ಹೇಳುವ ಟಿಡಿಎಸ್ ಮೀಟರ್ ಅದ್ದಿ ತೋರಿಸುತ್ತಾರೆ, ಅಲ್ವಾ? ಅದು ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದಷ್ಟೇ ಅಳೆಯುತ್ತದೆ. ಕರಗಿರುವುದು ಉಪ್ಪೋ ಸುಣ್ಣವೋ ಹೇಳುವುದಿಲ್ಲ. ಬಿಯರಿಗೆ ಬೇಕಾದದ್ದು ಆ ವಿವರವೇ. ಚೆಕ್ ದೇಶದ ಪಿಲ್ಸನ್ ಊರಿನ ನೀರು ಬಹಳ ಮೆದು, ಅಂದರೆ ಅದರಲ್ಲಿ ಲವಣ ಬಹಳ ಕಡಿಮೆ. ತಿಳಿಚಿನ್ನದ ಬಣ್ಣದ ಬಿಯರ್ ಅಲ್ಲಿ ಹುಟ್ಟಿತು. ಇಂಗ್ಲೆಂಡಿನ ಬರ್ಟನ್ ಊರಿನ ನೀರಿನಲ್ಲಿ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ತುಂಬಿದೆ. ಅಲ್ಲಿ ಬಿಯರಿಗೆ ಹಾಕುವ ಕಹಿ ಹೂವಾದ ಹಾಪ್ಸ್‌ನ ಕಹಿ ಚುರುಕಾಗಿ ನಾಲಿಗೆಗೆ ತಾಗುತ್ತದೆ. ಮೆದು ನೀರಿದ್ದವರು ಚಿಟಿಕೆ ಜಿಪ್ಸಂ ಸೇರಿಸಿ ಕ್ಯಾಲ್ಸಿಯಂ ಅನ್ನು ಲೀಟರಿಗೆ 50 ಮಿಲಿಗ್ರಾಂ ದಾಟಿಸುತ್ತಾರೆ. ನೆನೆಸಿದ ಮಾಲ್ಟಿನ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, 5.2ರಿಂದ 5.6ರೊಳಗೆ ಇರಬೇಕು. ಈ ಪಿಎಚ್ ಅಳತೆ ಹುಟ್ಟಿದ್ದೂ ಬಿಯರಿನ ಮನೆಯಲ್ಲೇ. 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ ಅದನ್ನು ರೂಪಿಸಿದರು.

ಇನ್ನು ಬೋರ್‌ವೆಲ್ ನೀರು. ಸಂಜೆ ತಿಳಿಯಾಗಿ ಹಿಡಿದಿಟ್ಟ ಬಕೆಟ್ಟಿನಲ್ಲಿ ಬೆಳಗ್ಗೆ ಕೆಂಪು ಗಸಿ ಕೂತಿದ್ದರೆ ಅದು ಕಬ್ಬಿಣ. ಬಿಯರಿಗೆ ತುಕ್ಕಿನ ರುಚಿ ಬರುತ್ತದೆ. ಚಹಾ ಕೂಡ ಕಪ್ಪಿಡುತ್ತದೆ. ಎತ್ತರದಿಂದ ಸುರಿದು ಗಾಳಿ ಆಡಿಸಿ, ಗಸಿ ಇಳಿದ ಮೇಲೆ ಮರಳಿನಲ್ಲಿ ಸೋಸಿದರೆ ಬಹುಪಾಲು ಹೋಗುತ್ತದೆ. ನೀರಿನಲ್ಲಿ ಕಬ್ಬಿಣ ಇದೆಯೋ ಎಂದು ನೋಡಲು ಅಡಿಕೆ ಬೆಳೆಗಾರರ ಮನೆಯಲ್ಲೇ ಪರೀಕ್ಷೆ ಇದೆ. ಅಡಿಕೆ ಬೇಯಿಸಿ ಉಳಿದ ನೀರಿನಲ್ಲಿ, ಅಂದರೆ ಚೊಗರಿನಲ್ಲಿ, ಒಗರು ಕೊಡುವ ಟ್ಯಾನಿನ್ ಇರುತ್ತದೆ. ಕಬ್ಬಿಣ ಸಿಕ್ಕಿದರೆ ಅದು ಕಪ್ಪಾಗುತ್ತದೆ.

ಇಲ್ಲಿ ಎರಡು ಲೋಟ ಇಟ್ಟಿದ್ದೇನೆ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ತೋಟದ ಬೋರ್ ನೀರು. ಎರಡಕ್ಕೂ ಎರಡೆರಡು ಹನಿ ಚೊಗರು ಬಿಡುತ್ತೇನೆ. ಹಿಂದೆ ಕೂತವರೂ ಮುಂದೆ ಬನ್ನಿ, ಬಣ್ಣ ನೋಡಿ.