ಒಂದೇ ಹಳ್ಳಿ, ಎರಡು ಮೈದಾನ: ಸ್ಪಾಕೆನ್‌ಬುರ್ಗ್‌ನ ಶನಿವಾರದ ಫುಟ್‌ಬಾಲ್

ಕೇಳುಗರಿಗೆ ನಮಸ್ಕಾರ.

ನೆದರ್ಲೆಂಡ್ಸ್‌ನ ಫುಟ್‌ಬಾಲ್ ಎಂದೊಡನೆ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಕಿತ್ತಳೆ ಬಣ್ಣದ ಅಂಗಿ, ಯೋಹಾನ್ ಕ್ರೈಫ್, ಆಯಾಕ್ಸ್ ತಂಡ. ಅಪರಾತ್ರಿಯಲ್ಲಿ ಎದ್ದು ಕೂತು ವಿಶ್ವಕಪ್ ನೋಡಿದವರ ಬಾಯಲ್ಲಿ ಇನ್ನೂ ನಾಲ್ಕಾರು ಹೆಸರು ಬರಬಹುದು. ಇವತ್ತು ನಾನು ಆ ದೊಡ್ಡವರ ಗೊಡವೆಗೆ ಹೋಗುವುದಿಲ್ಲ. ಅದೇ ದೇಶದ ಒಂದು ಮೀನುಗಾರರ ಹಳ್ಳಿಯ ಕಥೆ ಹೇಳುತ್ತೇನೆ. ಊರಿನ ಹೆಸರು ಸ್ಪಾಕೆನ್‌ಬುರ್ಗ್. ಉಟ್ರೆಕ್ಟ್ ಪ್ರಾಂತ್ಯದಲ್ಲಿ, ಆಮರ್ಸ್‌ಫೋರ್ಟ್ ಪಟ್ಟಣಕ್ಕೆ ಹತ್ತಿರ, ನೀರಿನ ದಡದಲ್ಲಿದೆ. ಪಕ್ಕದ ಬುನ್ಸ್‌ಖೋಟೆನ್ ರೈತರ ಊರು. ಎರಡೂ ಬೆಳೆದು ಒಂದಕ್ಕೊಂದು ಅಂಟಿಕೊಂಡು ಈಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಇದ್ದಾರೆ. ಆದರೂ ಅವರು ತಮ್ಮದನ್ನು ಹಳ್ಳಿ ಅಂತಲೇ ಕರೆದುಕೊಳ್ಳುತ್ತಾರೆ. ನಾವೂ ಹಾಗೇ ಕರೆಯೋಣ.

ಈ ಹಳ್ಳಿಯಲ್ಲಿ ಎರಡು ಫುಟ್‌ಬಾಲ್ ಕ್ಲಬ್‌ಗಳಿವೆ. ಒಂದರ ಹೆಸರು ಊರಿನದೇ, ಎಸ್‌.ವಿ. ಸ್ಪಾಕೆನ್‌ಬುರ್ಗ್. ಇನ್ನೊಂದು ಐಸೆಲ್‌ಮೇರ್‌ಫೋಗಲ್ಸ್, ಅಂದರೆ ಐಸೆಲ್ ಸರೋವರದ ಹಕ್ಕಿಗಳು. ಮೊದಲನೆಯವರು ನೀಲಿ, ಎರಡನೆಯವರು ಕೆಂಪು. ಊರಲ್ಲಿ ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ. ಕೆಂಪಿನವರು, ನೀಲಿಯವರು ಎಂದರೆ ಮುಗಿಯಿತು.

ಹಳ್ಳಿ ನಿಂತಿದ್ದು ಜೌಡರ್‌ಜೇ ಎಂಬ ಉಪ್ಪುನೀರಿನ ಕೊಲ್ಲಿಯ ಅಂಚಿನಲ್ಲಿ. ಬೊಟರ್ ಎನ್ನುವ ಚಪ್ಪಟೆ ತಳದ, ಕಂದು ಹಾಯಿಯ ದೋಣಿಗಳಲ್ಲಿ ಹೆರಿಂಗ್, ಆಂಚೊವಿ ಮೀನು ಹಿಡಿಯುತ್ತಿದ್ದರು. ಸೋಮವಾರ ಹೊರಟವರು ವಾರದ ಕೊನೆಗೆ ಬಂದರಿಗೆ ಮರಳುತ್ತಿದ್ದರು. ಹೆಂಗಸರ ಉಡುಪು ಇಡೀ ದೇಶದಲ್ಲಿ ಹೆಸರುವಾಸಿ: ಭುಜದ ಮೇಲೆ ಗಂಜಿ ಹಾಕಿ ಹಲಗೆಯಂತೆ ಗಟ್ಟಿ ಮಾಡಿದ ಹೂವಿನ ಬಟ್ಟೆ, ಅದಕ್ಕೆ ಕ್ರಾಪ್‌ಲಾಪ್ ಎನ್ನುತ್ತಾರೆ. ಆ ಹೂವಿನ ಚೀಟಿ ಬಟ್ಟೆ ಡಚ್ಚರ ನಾಡಿಗೆ ಮೊದಲು ಬಂದದ್ದು ಅವರ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ, ನಮ್ಮ ದೇಶದ ಕೋರಮಂಡಲ ಕರಾವಳಿಯಿಂದ. ಇದು ಫುಟ್‌ಬಾಲಿಗೆ ಸಂಬಂಧಪಟ್ಟದ್ದಲ್ಲ, ಆದರೆ ಹೇಳದೆ ಇರಲು ಮನಸ್ಸಾಗಲಿಲ್ಲ.

1916ರ ಜನವರಿಯಲ್ಲಿ, 13 ಮತ್ತು 14ರ ನಡುವಿನ ರಾತ್ರಿ, ಬಿರುಗಾಳಿಗೆ ಕೊಲ್ಲಿಯ ಸುತ್ತಲಿನ ಏರಿಗಳು ಒಡೆದವು. ಸ್ಪಾಕೆನ್‌ಬುರ್ಗ್‌ಗೂ ನೀರು ನುಗ್ಗಿತು. ಕೊಲ್ಲಿಯ ಬಾಯಿಗೇ ಒಡ್ಡು ಹಾಕಬೇಕೆಂದು ಎಂಜಿನಿಯರ್ ಕಾರ್ನೆಲಿಸ್ ಲೇಲಿ ಬಹುಕಾಲದಿಂದ ಹೇಳುತ್ತಾ ಬಂದಿದ್ದರು. ಪ್ರವಾಹವಾದ ಮೇಲೆ ಆ ಮಾತಿಗೆ ಬಲ ಬಂತು, 1918ರಲ್ಲಿ ಕಾಯ್ದೆಯಾಯಿತು. 32 ಕಿಲೋಮೀಟರ್ ಉದ್ದದ ಆಫ್‌ಸ್ಲೌಟ್‌ಡೈಕ್ ಕಟ್ಟೆ ಕೊಲ್ಲಿಯನ್ನು ಪೂರ್ತಿ ಮುಚ್ಚಿದ್ದು 1932ರ ಮೇ 28ರಂದು. ಸಮುದ್ರ ಐಸೆಲ್ ಸರೋವರವಾಯಿತು, ಉಪ್ಪುನೀರು ವರ್ಷ ಕಳೆಯುವಷ್ಟರಲ್ಲಿ ಸಿಹಿಯಾಗತೊಡಗಿತು. ಹೆರಿಂಗ್ ಹೋಯಿತು, ಆಂಚೊವಿ ಹೋಯಿತು. ಉಳಿದದ್ದು ಹಾವುಮೀನು, ಮತ್ತೆ ಒಂದಿಷ್ಟು ಸಿಹಿನೀರಿನ ಮೀನು. ತಲೆತಲಾಂತರದ ಕಸುಬು ಕಣ್ಣೆದುರಿಗೇ ಸೊರಗಿತು.

ಈಗ ಇಸವಿಗಳನ್ನು ಗಮನಿಸಿ. ನೀಲಿ ಕ್ಲಬ್ಬು ಹುಟ್ಟಿದ್ದು 1931ರಲ್ಲಿ. ಕೆಂಪು ಕ್ಲಬ್ಬು 1932ರಲ್ಲಿ, ಕೊಲ್ಲಿ ಮುಚ್ಚಿದ ವರ್ಷವೇ. ಮೀನು ಹೋಯಿತು, ಅದಕ್ಕೇ ಚೆಂಡು ಬಂತು ಎಂದು ಗಂಟು ಹಾಕಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಅದು ಅವಸರದ ಮಾತು. ಆ ಕಾಲಕ್ಕೆ ದೇಶದ ಊರೂರಲ್ಲೂ ಕ್ಲಬ್ಬುಗಳು ಹುಟ್ಟುತ್ತಿದ್ದವು. 1919ರ ಕಾರ್ಮಿಕ ಕಾಯ್ದೆ ದಿನಕ್ಕೆ ಎಂಟೇ ಗಂಟೆ ಕೆಲಸ ಎಂದಿತ್ತು, ದುಡಿಯುವವರ ಕೈಗೆ ಶನಿವಾರದ ಮಧ್ಯಾಹ್ನ ಸಿಕ್ಕಿತ್ತು.

ಈ ಶನಿವಾರವೇ ನಮ್ಮ ಕಥೆಯ ಜೀವ. ಸ್ಪಾಕೆನ್‌ಬುರ್ಗ್ ಕಟ್ಟಾ ಪ್ರಾಟೆಸ್ಟೆಂಟರ ಊರು. ಭಾನುವಾರ ಎಂದರೆ ದೇವರ ದಿನ. ಚರ್ಚಿಗೆ ಹೋಗಬೇಕು, ಅಂಗಡಿ ತೆರೆಯಬಾರದು, ಆಟದ ಮಾತಂತೂ ಬೇಡವೇ ಬೇಡ. ದೇಶದ ಫುಟ್‌ಬಾಲ್ ನಡೆಯುತ್ತಿದ್ದದ್ದೋ ಭಾನುವಾರ. ಹಾಗಾಗಿ ಇಂಥ ಊರುಗಳವರು ಶನಿವಾರ ಆಡುವ ತಮ್ಮದೇ ಕ್ಲಬ್ಬು, ತಮ್ಮದೇ ಒಕ್ಕೂಟ ಕಟ್ಟಿಕೊಂಡರು. ಕ್ಯಾಥೊಲಿಕ್ಕರಿಗೆ ಬೇರೆ ಒಕ್ಕೂಟ, ಸಮಾಜವಾದಿ ಕಾರ್ಮಿಕರಿಗೆ ಬೇರೆ. ಡಚ್ ಸಮಾಜ ಆಗ ಹಾಗೇ ಇತ್ತು. ಪ್ರಾಟೆಸ್ಟೆಂಟ್, ಕ್ಯಾಥೊಲಿಕ್, ಸಮಾಜವಾದಿ ಎಂದು ಒಬ್ಬೊಬ್ಬರಿಗೂ ಪ್ರತ್ಯೇಕ ಶಾಲೆ, ಪತ್ರಿಕೆ, ಸಂಘ. ಬಾನುಲಿಯೂ ಬೇರೆ ಬೇರೆ! ಪ್ರಾಟೆಸ್ಟೆಂಟರಿಗೆ ಎನ್‌ಸಿಆರ್‌ವಿ, ಕ್ಯಾಥೊಲಿಕ್ಕರಿಗೆ ಕೆಆರ್‌ಓ, ಸಮಾಜವಾದಿಗಳಿಗೆ ವಾರಾ. ಪಕ್ಕದ ಮನೆಯವನು ಯಾವ ಪಂಗಡದವನು ಎಂದು ತಿಳಿಯಲು ಕಿಟಕಿಯಾಚೆ ಕೇಳುವ ರೇಡಿಯೊ ಸದ್ದೇ ಸಾಕಿತ್ತೇನೋ.

1940ರಲ್ಲಿ ಜರ್ಮನರು ದೇಶವನ್ನು ಆಕ್ರಮಿಸಿದ ವರ್ಷ ಈ ಒಕ್ಕೂಟಗಳೆಲ್ಲ ಒಂದಾದವು. ಯುದ್ಧ ಮುಗಿದ ಮೇಲೂ ಮತ್ತೆ ಒಡೆಯಲಿಲ್ಲ. ಆದರೆ ದಿನಗಳು ಬೆರೆಯಲಿಲ್ಲ. ಒಂದೇ ಒಕ್ಕೂಟದ ಕೆಳಗೆ ಶನಿವಾರದ ಲೀಗ್ ಬೇರೆ, ಭಾನುವಾರದ ಲೀಗ್ ಬೇರೆ, ಚಾಂಪಿಯನ್ನರೂ ಬೇರೆ ಬೇರೆ. ಎಷ್ಟೋ ದಶಕ ಹೀಗೇ ನಡೆಯಿತು.

1954ರಲ್ಲಿ ದುಡ್ಡಿನ ಫುಟ್‌ಬಾಲ್ ಬಂತು. ಅದಕ್ಕೂ ನೀರಿನ ನಂಟಿದೆ. 1953ರ ಫೆಬ್ರವರಿ 1ರ ಭೀಕರ ಪ್ರವಾಹದಲ್ಲಿ ದೇಶದ ನೈರುತ್ಯ ಭಾಗ ಮುಳುಗಿತು. ಸಂತ್ರಸ್ತರಿಗಾಗಿ ಮಾರ್ಚ್ 12ರಂದು ಪ್ಯಾರಿಸ್‌ನಲ್ಲಿ ಒಂದು ಪಂದ್ಯ ಏರ್ಪಾಡಾಯಿತು. ಹಣ ಪಡೆದು ಆಡುತ್ತಾರೆಂದು ರಾಷ್ಟ್ರೀಯ ತಂಡ ಹೊರಗಿಟ್ಟಿದ್ದ, ಪರದೇಶಗಳಲ್ಲಿ ಆಡುತ್ತಿದ್ದ ಡಚ್ ಆಟಗಾರರೆಲ್ಲ ಸೇರಿ ಫ್ರಾನ್ಸನ್ನು 2-1ರಿಂದ ಸೋಲಿಸಿದರು. ಆಮೇಲೆ ಹಣದಾಟಕ್ಕೆ ಅಡ್ಡ ನಿಲ್ಲುವುದು ಒಕ್ಕೂಟಕ್ಕೆ ಕಷ್ಟವಾಯಿತು. ವೃತ್ತಿಪರ ಕ್ಲಬ್ಬುಗಳು ಒಂದು ಕಡೆಯಾದವು, ಹವ್ಯಾಸಿಗಳು ಇನ್ನೊಂದು ಕಡೆ. ಶನಿವಾರದವರು ಹವ್ಯಾಸಿಗಳಾಗಿಯೇ ಉಳಿದರು.

ಅಂದಹಾಗೆ, ಹವ್ಯಾಸಿ ಎಂದರೆ ಬಿಡಿಗಾಸೂ ಇಲ್ಲದೆ ಆಡುವವರು ಎಂದು ತಿಳಿಯಬೇಡಿ. ಈ ಎರಡು ಕ್ಲಬ್ಬುಗಳ ಮೊದಲ ತಂಡದವರಿಗೆ ಹಣ ಸಿಗುತ್ತದೆ, ಆಟಗಾರರು ಹೊರಗಿನಿಂದಲೂ ಬರುತ್ತಾರೆ. ಮೀನು ವ್ಯಾಪಾರ, ಕಟ್ಟಡ ಕೆಲಸಗಳಲ್ಲಿ ಕಾಸು ಕಂಡ ಊರಿನವರೇ ಪ್ರಾಯೋಜಕರು. ಸಮುದ್ರ ಹೋದರೂ ಸ್ಪಾಕೆನ್‌ಬುರ್ಗ್‌ನವರು ಮೀನು ಬಿಡಲಿಲ್ಲ. ಹಿಡಿಯುವುದನ್ನು ನಿಲ್ಲಿಸಿ ಹದ ಮಾಡುವುದು, ಮಾರುವುದು ಹಿಡಿದರು. ದೇಶದ ಸಂತೆಗಳಲ್ಲಿ ಅವರ ಗಾಡಿಗಳಿವೆ.

ಆದರೆ ಕ್ಲಬ್ಬು ಎಂದರೆ ಮೊದಲ ತಂಡ ಮಾತ್ರವಲ್ಲ. ನನ್ನನ್ನು ಕೇಳಿದರೆ ಅದು ಚಿಕ್ಕ ಭಾಗ. ನೆದರ್ಲೆಂಡ್ಸ್‌ನ ಯಾವ ಹಳ್ಳಿಯ ಕ್ಲಬ್ಬಿಗೇ ಹೋಗಿ, ಶನಿವಾರ ಬೆಳಿಗ್ಗೆ ಚಿಳ್ಳೆಪಿಳ್ಳೆಗಳಿಂದ ಆಟ ಶುರು. ಆರೇಳು ವರ್ಷದವರಿಗೆ ಸಣ್ಣ ಅಂಗಳ, ಸಣ್ಣ ಗೋಲು. ಬೇರೆ ಊರಿನಲ್ಲಿ ಪಂದ್ಯವಿದ್ದರೆ ಅಪ್ಪ ಅಮ್ಮಂದಿರು ಸರದಿಯಂತೆ ಕಾರಿನಲ್ಲಿ ಕರೆದೊಯ್ಯಬೇಕು. ಅಂಗಿ ಒಗೆಯುವ ಪಾಳಿಯೂ ಬರುತ್ತದೆ. ರೆಫರಿ ಯಾರದೋ ಅಪ್ಪ, ಗೆರೆ ಎಳೆಯುವವರು ನಿವೃತ್ತರಾದ ಯಾರೋ ಹಿರಿಯರು. ಇವರಿಗೆಲ್ಲ ಸಂಬಳವಿಲ್ಲ. ಮಧ್ಯಾಹ್ನದ ಹೊತ್ತಿಗೆ ದೊಡ್ಡವರ ತಂಡಗಳು ಇಳಿಯುತ್ತವೆ. ಅದರಲ್ಲಿ ಮೂರನೆಯ, ನಾಲ್ಕನೆಯ ತಂಡ ಎಂದೆಲ್ಲ ಇರುತ್ತದೆ. ಹೊಟ್ಟೆ ಬಂದವರು, ಮಂಡಿ ಹೋದವರು ಎಲ್ಲರಿಗೂ ಒಂದೊಂದು ಜಾಗ.

ಮೈದಾನದ ಬದಿಯಲ್ಲಿ ಕ್ಯಾಂಟೀನು. ಆಲೂಗೆಡ್ಡೆ ಫ್ರೈ, ಕ್ರೊಕೆಟ್, ಚೀಸ್ ಇಟ್ಟು ಸುಟ್ಟ ಬ್ರೆಡ್ಡು, ಕಾಫಿ, ಸಂಜೆಯಾದರೆ ಬಿಯರು. ಅದನ್ನು ನಡೆಸುವವರೂ ಸದಸ್ಯರೇ, ಸರದಿಯ ಮೇಲೆ. ಕ್ಲಬ್ಬಿನ ಪೆಟ್ಟಿಗೆಗೆ ವಂತಿಗೆಯ ಜೊತೆ ದೊಡ್ಡ ಆಸರೆ ಈ ಕ್ಯಾಂಟೀನಿನ ಲಾಭ. ಪಂದ್ಯ ಮುಗಿದ ಮೇಲೆ ಅಲ್ಲಿ ಕೂತು ಹರಟುವುದಕ್ಕೆ ಮೂರನೆಯ ಅರ್ಧ ಎಂಬ ಹೆಸರೇ ಇದೆ. ಸೋತವರು ಗೆಲ್ಲುವುದು ಆ ಅರ್ಧದಲ್ಲಿ. ದೇಶದ ಫುಟ್‌ಬಾಲ್ ಒಕ್ಕೂಟಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸದಸ್ಯರು, ಅಂಥ ಸಣ್ಣ ದೇಶದಲ್ಲಿ! ಅವರನ್ನೆಲ್ಲ ಹಿಡಿದಿಟ್ಟಿರುವುದು ಇಂಥ ಕ್ಯಾಂಟೀನುಗಳೇ ಹೊರತು ದೊಡ್ಡ ಕ್ರೀಡಾಂಗಣಗಳಲ್ಲ.

ಸ್ಪಾಕೆನ್‌ಬುರ್ಗ್‌ನ ವಿಶೇಷ ಏನೆಂದರೆ ಎರಡು ಕ್ಲಬ್ಬುಗಳೂ ವೆಸ್ಟ್‌ಮಾಟ್ ಎಂಬ ಒಂದೇ ಆವರಣದಲ್ಲಿ ಅಕ್ಕಪಕ್ಕದಲ್ಲಿವೆ. ಒಬ್ಬರ ಗೋಲಿಗೆ ಎದ್ದ ಕೂಗು ಇನ್ನೊಬ್ಬರ ಮೈದಾನಕ್ಕೆ ಕೇಳುತ್ತದೆ. ಎದುರಾಳಿಯ ಅಂಗಳದಲ್ಲಿ ಆಡಬೇಕೆಂದರೆ ನಾಲ್ಕು ಹೆಜ್ಜೆ ನಡೆದರಾಯಿತು. ಇಬ್ಬರೂ ಎದುರುಬದುರಾಗುವ ಡರ್ಬಿ ಪಂದ್ಯದ ದಿನ ಊರು ಜಾತ್ರೆಯಂತಾಗುತ್ತದೆ. ಸಾವಿರಾರು ಜನ ಸೇರುತ್ತಾರೆ, ಕೆಂಪು ನೀಲಿ ಬಾವುಟ, ಹೊಗೆ, ಪಟಾಕಿ. ಹವ್ಯಾಸಿ ಲೀಗಿನ ಪಂದ್ಯಕ್ಕೆ ಇಷ್ಟು ಜನ ಸೇರುವುದು ಆ ದೇಶದಲ್ಲೂ ಅಪರೂಪ. ಕೆಂಪಿನವರು ಮೀನುಗಾರರು, ನೀಲಿಯವರು ಅಂಗಡಿಕಾರರು, ರೈತರು ಎಂಬ ಹಳೆಯ ಮಾತೊಂದಿದೆ. ಈಗ ಅದು ಬರೀ ಮಾತು. ಮನೆಯಲ್ಲಿ ಅಪ್ಪ ಯಾವ ಬಣ್ಣವೋ ಮಕ್ಕಳೂ ಅದೇ ಬಣ್ಣ, ಅಷ್ಟೇ. ಎರಡನ್ನೂ ಸೇರಿಸಿದರೆ ಒಂದು ಬಲವಾದ ತಂಡವಾಗುತ್ತದಲ್ಲ ಎಂದು ಹೊರಗಿನವರಿಗೆ ಅನ್ನಿಸಬಹುದು. ಆಗಬಹುದು. ಆದರೆ ಆಮೇಲೆ ಆ ತಂಡ ಯಾರನ್ನು ಸೋಲಿಸಬೇಕು?

1975ರಲ್ಲಿ ಕೆಂಪಿನವರು ಇಡೀ ದೇಶವನ್ನು ಬೆರಗುಗೊಳಿಸಿದರು. ರಾಷ್ಟ್ರೀಯ ಕಪ್ಪಿನಲ್ಲಿ ದೊಡ್ಡವರೂ ಸಣ್ಣವರೂ ಒಟ್ಟಿಗೆ ಆಡುತ್ತಾರೆ. ಐಸೆಲ್‌ಮೇರ್‌ಫೋಗಲ್ಸ್ ವೃತ್ತಿಪರ ತಂಡಗಳನ್ನು ದಾಟಿ ಸೆಮಿಫೈನಲ್ ಮುಟ್ಟಿತು. ಅಲ್ಲಿ ಎಫ್‌.ಸಿ. ಟ್ವೆಂಟೆ ಅವರನ್ನು ತಡೆಯಿತು. ಹಿಂದಿನ ಬೇಸಗೆಯಲ್ಲಷ್ಟೇ ಕ್ರೈಫ್‌ನ ತಂಡ ವಿಶ್ವಕಪ್ ಫೈನಲ್ ಆಡಿ ಬಂದಿತ್ತು. ಅಂಥ ಹೊತ್ತಿನಲ್ಲಿ ಆ ದೇಶ ವರ್ಷದ ಕ್ರೀಡಾತಂಡ ಎಂದು ಆರಿಸಿದ್ದು ಈ ಹಳ್ಳಿಯ ಕ್ಲಬ್ಬನ್ನು.

ವಿಚಿತ್ರ ನೋಡಿ, ಅಷ್ಟು ಹೊತ್ತಿಗೆ ಆ ಹಕ್ಕಿಗಳ ಸರೋವರವೇ ಅವರ ಊರಿನಿಂದ ದೂರ ಸರಿದಿತ್ತು. ಊರಿನೆದುರು ನೀರಿದ್ದ ಜಾಗವನ್ನು ಬತ್ತಿಸಿ 1968ರಲ್ಲಿ ದಕ್ಷಿಣ ಫ್ಲೇವೊಲ್ಯಾಂಡ್ ಎಂಬ ಹೊಸ ನೆಲ ಮಾಡಿದ್ದರು. ಈಗ ಸ್ಪಾಕೆನ್‌ಬುರ್ಗ್‌ನ ಬಂದರಿನಾಚೆ ಇರುವುದು ಏಮ್‌ಮೇರ್ ಎಂಬ ಕಿರಿದಾದ ನೀರಿನ ಪಟ್ಟಿ. ಅದರಾಚೆ ದಡದಲ್ಲಿ ಹೊಲ, ರಸ್ತೆ.

2010ರಲ್ಲಿ ಒಕ್ಕೂಟ ಹವ್ಯಾಸಿಗಳ ತುದಿಯಲ್ಲಿ ಟಾಪ್‌ಕ್ಲಾಸೆ ಎಂಬ ಹೊಸ ದರ್ಜೆ ತಂದಿತು. ಶನಿವಾರದ ಒಂದು, ಭಾನುವಾರದ ಒಂದು. ಗೆದ್ದವರಿಗೆ ವೃತ್ತಿಪರ ಲೀಗಿನ ಬಾಗಿಲು ತೆರೆಯುತ್ತಿತ್ತು. ಮೊದಲ ವರ್ಷ, 2011ರಲ್ಲಿ, ಶನಿವಾರದ ಪಟ್ಟ ಐಸೆಲ್‌ಮೇರ್‌ಫೋಗಲ್ಸ್‌ಗೆ ಸಿಕ್ಕಿತು. ಅವರು ಬಡ್ತಿ ಬೇಡ ಎಂದರು. ಮರುವರ್ಷ ಆ ಪಟ್ಟ ಪಕ್ಕದ ಸ್ಪಾಕೆನ್‌ಬುರ್ಗ್‌ಗೆ. ಅವರೂ ಬೇಡ ಎಂದರು. ಎಲ್ಲದರಲ್ಲೂ ಜಗಳವಾಡುವ ಈ ನೆರೆಯವರು ಒಪ್ಪಿದ ವಿಷಯ ಇದೊಂದೇ ಇರಬೇಕು.

ಪುಕ್ಕಲುತನ ಎನ್ನೋಣವೇ? ಲೆಕ್ಕ ಗೊತ್ತಿರುವ ವ್ಯಾಪಾರಿಗಳ ಊರು ಅದು. ಮೇಲೆ ಹೋದರೆ ಪರವಾನಗಿ, ಒಪ್ಪಂದಗಳ ಸಂಬಳ, ಕ್ರೀಡಾಂಗಣದ ಷರತ್ತು, ದೂರದ ಊರುಗಳ ಓಡಾಟ. ಎದುರಿಗೆ ಪಕ್ಕದ ಬಣ್ಣವೂ ಇಲ್ಲ. ಮುಂದೆ ನಡೆದದ್ದನ್ನೂ ಕೇಳಿ. 2013ರಲ್ಲಿ ವೃತ್ತಿಪರರ ಎರಡನೆಯ ದರ್ಜೆಯ ಲೀಗಿನಲ್ಲಿದ್ದ ಆಗೊವ್ ಮತ್ತು ಫೇನ್‌ಡಾಮ್ ಎಂಬ ಎರಡು ಕ್ಲಬ್ಬುಗಳು ದಿವಾಳಿಯಾಗಿ ಬಾಗಿಲು ಹಾಕಿದವು. ಅದೇ ವರ್ಷ ನೈಮೇಖನ್ ಬಳಿಯ ಖ್ರೂಸ್‌ಬೇಕ್ ಹಳ್ಳಿಯ ಅಖಿಲಿಸ್ 29 ಎಂಬ ಕ್ಲಬ್ಬು ಧೈರ್ಯ ಮಾಡಿ ಮೇಲೆ ಹೋಯಿತು. ನಾಲ್ಕು ವರ್ಷ ಆಡಿತು. 2017ರಲ್ಲಿ ಕೊನೆಯ ಸ್ಥಾನದಲ್ಲಿ ಕೆಳಗಿಳಿಯಿತು, ಹಣದ ತೊಂದರೆಗೆ ಸಿಕ್ಕಿ ಇನ್ನೂ ಕೆಳಗೆ ಜಾರಿತು. ಹೋದದ್ದೇ ತಪ್ಪು ಎಂದು ನಾನು ಹೇಳಲಾರೆ. ಆ ಊರಿನವರಿಗೆ ನಾಲ್ಕು ವರ್ಷದ ಸಂಭ್ರಮ ಸಿಕ್ಕಿತಲ್ಲ. ಆದರೆ ಏರಿದವರನ್ನು ಮಾತ್ರ ಹೊಗಳುವ ನಮ್ಮ ಅಭ್ಯಾಸದಲ್ಲಿ, ಏಣಿ ಎದುರಿಗಿದ್ದರೂ ಹತ್ತದೆ ನಿಂತವರ ಲೆಕ್ಕ ತಪ್ಪಿಹೋಗುತ್ತದೆ.

ಅಲ್ಲಿಗೆ ನೀಲಿಯವರ ಸರದಿ. 2023ರ ಜನವರಿಯಲ್ಲಿ ಎಸ್‌.ವಿ. ಸ್ಪಾಕೆನ್‌ಬುರ್ಗ್ ಕಪ್ ಪಂದ್ಯಕ್ಕೆ ಖ್ರೋನಿಂಗನ್‌ಗೆ ಹೋಗಿ ಅಲ್ಲಿನ ವೃತ್ತಿಪರ ತಂಡವನ್ನು 3-2ರಿಂದ ಸೋಲಿಸಿತು. ಮುಂದಿನ ಸುತ್ತಿನಲ್ಲಿ ಮತ್ತೊಂದು ಶನಿವಾರದ ಕ್ಲಬ್ಬು, ಕಡಲತೀರದ ಕಾಟ್‌ವೈಕ್, ಅವರನ್ನು 7-1ರಿಂದ ಸೋಲಿಸಿತು. ಕ್ವಾರ್ಟರ್ ಫೈನಲ್‌ನಲ್ಲಿ ತಮ್ಮದೇ ಪ್ರಾಂತ್ಯದ ರಾಜಧಾನಿಯ ತಂಡ ಎಫ್‌.ಸಿ. ಉಟ್ರೆಕ್ಟ್, ಅದೂ ಅವರದೇ ಕ್ರೀಡಾಂಗಣದಲ್ಲಿ. ಗೆಲುವು 4-1. ಮೂರನೆಯ ದರ್ಜೆಯ ತಂಡವೊಂದು ಮೊದಲ ದರ್ಜೆಯವರನ್ನು ಅವರ ಮನೆಯಲ್ಲೇ ಹೀಗೆ ಕೆಡವಿದ್ದನ್ನು ನೋಡಿ ಉಟ್ರೆಕ್ಟ್‌ನವರು ಏನು ಅಂದುಕೊಂಡರೋ.

ಏಪ್ರಿಲ್ 4ರ ಸೆಮಿಫೈನಲ್ ವೆಸ್ಟ್‌ಮಾಟ್‌ನಲ್ಲೇ ನಡೆಯಿತು. ಬಂದವರು ಪಿಎಸ್‌ವಿ ಐಂಡ್‌ಹೋವನ್, ಒಂದು ಕಾಲಕ್ಕೆ ಯುರೋಪಿನ ಚಾಂಪಿಯನ್ ಆಗಿದ್ದ ತಂಡ. ಗೆದ್ದದ್ದು ಪಿಎಸ್‌ವಿ, 2-1ರಿಂದ. ಒಂದೇ ಗೋಲಿನ ಅಂತರ.

ಹೀಗೆ 48 ವರ್ಷಗಳ ಅಂತರದಲ್ಲಿ ಒಂದೇ ಹಳ್ಳಿಯ ಎರಡು ಹವ್ಯಾಸಿ ಕ್ಲಬ್ಬುಗಳು ದೇಶದ ಕಪ್ಪಿನ ಕೊನೆಯ ನಾಲ್ವರಲ್ಲಿ ನಿಂತವು. ಮೊದಲು ಹೋದವರು ನಾವು ಎನ್ನಲು ಕೆಂಪಿನವರಿಗೆ 1975 ಇದೆ. ಪಿಎಸ್‌ವಿಗೇ ಬೆವರಿಳಿಸಿದೆವು ಎನ್ನಲು ನೀಲಿಯವರಿಗೆ 2023. ಇತ್ತೀಚಿನ ವರ್ಷಗಳಲ್ಲಿ ಭಾನುವಾರದ ಎಷ್ಟೋ ಕ್ಲಬ್ಬುಗಳು ತಾವಾಗಿಯೇ ಶನಿವಾರಕ್ಕೆ ಬಂದುಬಿಟ್ಟಿವೆ. ಧರ್ಮದ ಕಾರಣಕ್ಕಲ್ಲ, ವಾರಕ್ಕೊಂದು ದಿನವಾದರೂ ಮನೆಯಲ್ಲಿ ಕಾಲು ಚಾಚಿ ಕೂರುವ ಆಸೆ ಈಗ ಎಲ್ಲರಿಗೂ.

ನಮಸ್ಕಾರ.