ತುಟ್ಟಿಯಿಂದ ಹುಟ್ಟಿದ ಬರ: ‘ಡರ್ತ್’ ಅನ್ನೋ ಪದದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಈ ಸಭೇಲಿ ಪೆನ್ಷನ್ ತಗೊಳ್ಳೋ ಹಿರಿಯರೂ ಇದೀರಿ, ಕಾಲೇಜು ಮಕ್ಕಳೂ ಇದೀರಿ. ಡಿಎ ಅಂದ್ರೆ ಏನು ಅಂತ ಹಿರಿಯರಿಗೆ ಹೇಳ್ಕೊಡೋದೇ ಬೇಡ, ಡಿಯರ್‌ನೆಸ್ ಅಲೋಯನ್ಸ್, ತುಟ್ಟಿಭತ್ಯೆ. ಎರಡನೇ ಮಹಾಯುದ್ಧದ ಟೈಮಲ್ಲಿ ದಿನಸಿ ರೇಟು ಏರ್ತಾ ಹೋಗಿ ಸಣ್ಣ ಸಂಬಳದ ಸರ್ಕಾರಿ ನೌಕರರ ಕೈಗೆ ಎಟುಕದೆ ಇದ್ದಾಗ ‘ಡಿಯರ್ ಫುಡ್ ಅಲೋಯನ್ಸ್’ ಅನ್ನೋ ಹೆಸರಲ್ಲಿ ಇದು ಶುರುವಾಗಿದ್ದು. ಇಲ್ಲಿ ಡಿಯರ್ ಅಂದ್ರೆ ಪ್ರೀತಿಯ ಅಂತಲ್ಲ, ತುಟ್ಟಿ ಅಂತ. ನಾನಿವತ್ತು ಮಾತಾಡೋಕೆ ಬಂದಿರೋ ‘ಡರ್ತ್’ (dearth) ಅನ್ನೋ ಇಂಗ್ಲಿಷ್ ಪದ, ಅಂದ್ರೆ ಅಭಾವ, ಕೊರತೆ, ಅದು ಹುಟ್ಟಿದ್ದೂ ಇದೇ ಡಿಯರ್‌ನಿಂದ.

ಸ್ಪೆಲಿಂಗಲ್ಲಿ ಡಿಯರ್ ಪೂರ್ತಿ ಕೂತಿದೆ, ಅದಕ್ಕೇ ಮಕ್ಕಳು ಡಿಯರ್ತ್ ಅಂತ ಓದ್ತಾರೆ, ಹಾಗಲ್ಲ, ಬರ್ತ್ ಅಂದ ಹಾಗೇ ಡರ್ತ್ ಅನ್ನಿ. ಕೊನೇಲಿರೋ ಟಿ ಎಚ್ ಒಂದು ಪ್ರತ್ಯಯ, ವಾರ್ಮ್‌ಗೆ ಸೇರಿದ್ರೆ ವಾರ್ಮ್ತ್, ಡೀಪ್‌ಗೆ ಸೇರಿದ್ರೆ ಡೆಪ್ತ್, ಟ್ರೂಗೆ ಸೇರಿದ್ರೆ ಟ್ರೂತ್. ಹಾಗಾಗಿ ಡರ್ತ್ ಅಂದ್ರೆ ಮೂಲದಲ್ಲಿ ‘ತುಟ್ಟಿತನ’, ಅಷ್ಟೇ.

13ನೇ ಶತಮಾನದ ಇಂಗ್ಲಿಷಲ್ಲೇ ಈ ಪದ ಸಿಗುತ್ತೆ. ರೇಟು ಹೇಳೋ ಪದ ಬರ ಹೇಳೋ ಪದ ಹೇಗಾಯ್ತು ಅನ್ನೋಕೆ ಆ ಕಾಲದ ಜನರ ಬದುಕು ನೋಡ್ಬೇಕು. 1315ರಲ್ಲಿ ಯುರೋಪಿನ ಉತ್ತರ ಭಾಗದಲ್ಲಿ ಮಳೆ ಹಿಡಿದಿದ್ದು ಬಿಡ್ಲೇ ಇಲ್ಲ, ನಮ್ಮಲ್ಲಿ ಮಳೆ ಬರದೆ ಬರ, ಅಲ್ಲಿ ಮಳೆ ನಿಲ್ಲದೆ ಬರ, ಬೆಳೆ ಹೊಲದಲ್ಲೇ ಕೊಳೀತು, 1317ರ ತನಕ ಜನ ಹಸಿವಿಂದ ಸತ್ರು. ಇಂಗ್ಲೆಂಡಿನ ರಾಜ ಎರಡನೇ ಎಡ್ವರ್ಡ್ ಸೇಂಟ್ ಆಲ್ಬನ್ಸ್‌ಗೆ ಬಂದಾಗ ಅವನ ಪರಿವಾರಕ್ಕೇ ಬ್ರೆಡ್ ಹೊಂದಿಸೋದು ಕಷ್ಟ ಆಯ್ತಂತೆ. ದಿನಾ ಕೂಲಿ ಮಾಡಿ ದಿನಾ ಕಾಳು ಕೊಳ್ಳೋ ಬಡವನಿಗೆ ಗೋಧಿ ತುಟ್ಟಿ ಅನ್ನೋದೂ ಗೋಧಿ ಇಲ್ಲ ಅನ್ನೋದೂ ಒಂದೇ. 1611ರ ಇಂಗ್ಲಿಷ್ ಬೈಬಲ್ಲಲ್ಲಿ ಯೋಸೇಫನ ಕಾಲದ ಏಳು ವರ್ಷದ ಬರಕ್ಕೆ ಡರ್ತ್ ಅಂತಾನೇ ಹಾಕಿದಾರೆ, ಅಷ್ಟೊತ್ತಿಗೆ ಪದ ಪೂರ್ತಿ ಬರದ ಕಡೆ ವಾಲಿತ್ತು.

ಬರಕ್ಕೆ, ಕೊರತೆಗೆ ಇರೋ ಬೇರೆ ಪದಗಳನ್ನೂ ನೋಡಿ. ಕ್ಷಾಮಕ್ಕೆ ಹೇಳೋ ಫ್ಯಾಮಿನ್ ಅನ್ನೋದು ಲ್ಯಾಟಿನ್ನಿನ ‘ಹಸಿವು’ ಅನ್ನೋ ಪದದಿಂದ ಬಂದಿದ್ದು. ಕೊರತೆಗೆ ಹೇಳೋ ಪಾಸಿಟಿ (paucity) ಅನ್ನೋದು ‘ಸ್ವಲ್ಪ’ ಅನ್ನೋ ಲ್ಯಾಟಿನ್ ಪದದಿಂದ, ಅದು ಬರೀ ಲೆಕ್ಕದ ಮಾತು ಬಿಡಿ. ನಮ್ಮ ದುರ್ಭಿಕ್ಷ ಇದೆಯಲ್ಲ, ಅದು ಭಿಕ್ಷೆ ಸಿಗೋದು ಕಷ್ಟವಾದ ಕಾಲ, ಬೇಡೋನ ಕಡೆಯಿಂದ ನೋಡಿದ ಬರ. ಡರ್ತ್ ಕೊಳ್ಳೋನ ಕಡೆಯಿಂದ ನೋಡಿದ್ದು. ನನಗೆ ಇದು ಬಹಳ ದೊಡ್ಡ ವಿಷಯ ಅನ್ಸುತ್ತೆ.

ನಮ್ಮ ಕಡೆ ಧಾತು ಈಶ್ವರದ ಬರ ಅಂತಾರಲ್ಲ, 1876ರಿಂದ 78, ಅದನ್ನ ತಗೊಳ್ಳಿ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳೀತು. ಮಂಡ್ಯ ಕಡೆ ಹಳ್ಳಿಗಳಲ್ಲಿ ಉಳ್ಳವರು ಹಗೇವಲ್ಲಿ ರಾಗಿ ಇಡೋರು, ಗಟ್ಟಿ ನೆಲದಲ್ಲಿ ಗುಂಡಿ ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತೋರು, ವರ್ಷಗಟ್ಟಲೆ ಹುಳ ಬೀಳ್ತಿರ್ಲಿಲ್ಲ. ತೆಗೆಯೋವಾಗ ಚಪ್ಪಡಿ ಸರಿಸಿದ ತಕ್ಷಣ ಇಳಿಯೋ ಹಾಗಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತೆ, ಮೊದಲು ದೀಪ ಇಳಿಬಿಟ್ಟು ಅದು ಆರಲಿಲ್ಲ ಅಂದ್ರೇನೇ ಆಳು ಇಳಿಯೋನು. ಹಗೇವು ತುಂಬಿದ್ದೋನಿಗೆ ಸಂತೇಲಿ ರೇಟು ಎಷ್ಟಾದ್ರೆ ಏನು? ಹಗೇವೇ ಇಲ್ದಿರೋ ಕೂಲಿಯವನಿಗೆ ಆ ರೇಟೇ ಬರ.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನೇ ಲೆಕ್ಕ ಹಾಕಿ ತೋರ್ಸಿದ್ರು. 1943ರ ಬಂಗಾಳದ ಕ್ಷಾಮದ ವರ್ಷ ಅಲ್ಲಿದ್ದ ಆಹಾರಧಾನ್ಯ, ಕ್ಷಾಮ ಇಲ್ಲದ 1941ಕ್ಕಿಂತ ಕಡಿಮೆ ಇರ್ಲಿಲ್ಲ ಅಂದ್ರು. ಅಕ್ಕಿ ರೇಟು ಓಡ್ತು, ಕೂಲಿ ಅದರ ಹಿಂದೆ ಓಡಲಿಲ್ಲ, ಹೊಲದ ಕೂಲಿಗಳು, ಮೀನು ಹಿಡಿಯೋರು ಸತ್ರು, ಸುಮಾರು 30 ಲಕ್ಷ ಅಂತ ಅವರ ಅಂದಾಜು. ನೌಕರರಿಗೆ ತುಟ್ಟಿಭತ್ಯೆ ಸಿಕ್ಕಿದ್ದು ಅದೇ ಯುದ್ಧದಲ್ಲಿ, ಈ ಕೂಲಿಯವರಿಗೆ ಯಾವ ಭತ್ಯೆಯೂ ಇರ್ಲಿಲ್ಲ.

ಇನ್ನು ಬಳಕೆ. ಈಗ ಡರ್ತ್‌ನ ಊಟಕ್ಕೇ ಹೇಳ್ಬೇಕಂತಿಲ್ಲ, ಡಾಕ್ಟರ್‌ಗಳ ಡರ್ತ್, ಒಳ್ಳೆ ಪುಸ್ತಕದ ಡರ್ತ್, ಹೀಗೆ. ಮುಂಚೆ ‘ಎ’, ಆಮೇಲೆ ‘ಆಫ್’ ಹಾಕಿ. ನಮ್ಮ ಪೇಪರ್‌ಗಳಲ್ಲಿ ‘ನೋ ಡರ್ತ್ ಆಫ್ ಟ್ಯಾಲೆಂಟ್’ ಅಂತ ಬರ್ತಾನೇ ಇರುತ್ತೆ, ತಪ್ಪಲ್ಲ, ಆದ್ರೆ ಸವೆದು ಹೋಗಿದೆ, ಮಕ್ಕಳು ಪರೀಕ್ಷೇಲಿ ಬರೀಬೇಡಿ. ಜನಕ್ಕೆ ಬೇಕಾಗಿರೋ ವಸ್ತುವಿಗೇ ಇದು ಒಪ್ಪೋದು, ಸೊಳ್ಳೆ ಕಮ್ಮಿಯಾಗಿದೆ ಅನ್ನೋಕೆ ಡರ್ತ್ ಅನ್ನಲ್ಲ. ಮಂಡ್ಯದಲ್ಲಿ ಕಬ್ಬು ಕಡಿಯೋಕೆ ಆಳು ಸಿಗ್ತಿಲ್ಲ, ಸಿಕ್ಕಿದ್ರೂ ಟನ್ನಿಗೆ ಇಷ್ಟು ಕೊಡಿ ಅಂತ ಕಟಾವಿನ ರೇಟು ಏರಿಸ್ತಾರೆ ಅಂತ ರೈತರು ಹೇಳೋದು ಕೇಳಿದೀರಲ್ಲ, ಅಲ್ಲಿ ‘ಎ ಡರ್ತ್ ಆಫ್ ಲೇಬರ್’ ಅಂತ ಧಾರಾಳವಾಗಿ ಬರೀರಿ, ಹಳೇ ಅರ್ಥ ಹೊಸ ಅರ್ಥ ಎರಡೂ ಆ ಒಂದೇ ಮಾತಲ್ಲಿ ಸರಿಯಾಗಿ ಕೂತ್ಕೊಳ್ಳುತ್ತೆ.